ಹಳಿಯ ಅಗಲ ಬದಲಿಸಿದ ಚಳ್ಳಕೆರೆಯ ಮಂತ್ರಿ

2018ರ ನವೆಂಬರ್ ಕರ್ನಾಟಕದ ಪಾಲಿಗೆ ಸಾವಿನ ಸುದ್ದಿಗಳ ತಿಂಗಳಾಗಿತ್ತು. 12ರಂದು ಕೇಂದ್ರ ಸಚಿವ ಅನಂತಕುಮಾರ್ ತೀರಿಕೊಂಡರು. 24ರ ರಾತ್ರಿ ಅಂಬರೀಷ್ ಹೋದರು. ಮರುದಿನ ಭಾನುವಾರ, ನಾಡಿಗೆ ನಾಡೇ ಕಂಠೀರವ ಕ್ರೀಡಾಂಗಣದ ಕಡೆಗೆ ಮುಖ ಮಾಡಿ ನಿಂತಿದ್ದಾಗ, ಬೆಂಗಳೂರಿನಲ್ಲೇ ಸಿ.ಕೆ. ಜಾಫರ್ ಷರೀಫ್ ಕಣ್ಣು ಮುಚ್ಚಿದರು. ಎಂಟು ಬಾರಿ ಲೋಕಸಭೆಗೆ ಆಯ್ಕೆಯಾಗಿದ್ದ, ನಾಲ್ಕು ವರ್ಷಕ್ಕೂ ಮೇಲ್ಪಟ್ಟು ದೇಶದ ರೈಲ್ವೆ ಖಾತೆಯನ್ನು ನಿರ್ವಹಿಸಿದ್ದ 85ರ ಹಿರಿಯರ ಸಾವು ಚಿತ್ರನಟನೊಬ್ಬನ ಅಂತಿಮಯಾತ್ರೆಯ ನೆರಳಿನಲ್ಲಿ ಸರಿದುಹೋಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಜನ ತಾವು ಪ್ರೀತಿಸಿದವರಿಗಾಗಿ ಅಳುತ್ತಾರೆ. ರೈಲಿನ ಹಳಿ ಹಾಕಿಸಿದವರಿಗಾಗಿ ಅತ್ತವರನ್ನು ಚರಿತ್ರೆ ಕಂಡಿಲ್ಲ.

ಎರಡು ತಿಂಗಳು ಕಳೆದು, 2019ರ ಜನವರಿ 29ರಂದು, ದೆಹಲಿಯಲ್ಲಿ ಜಾರ್ಜ್ ಫರ್ನಾಂಡಿಸ್ ನಿಧನರಾದರು. ಆಗ ಮಾತ್ರ ಪತ್ರಿಕೆಗಳ ಪುಟಗಳು ತುಂಬಿ ಹರಿದವು. ಜಾರ್ಜ್ ಬಗ್ಗೆ ಬರೆಯುವುದು ಸುಲಭ. ಮಂಗಳೂರಿನ ಹುಡುಗ, ಪಾದ್ರಿಯಾಗಬೇಕಿದ್ದವನು ಮುಂಬೈಯ ಕಾರ್ಮಿಕ ನಾಯಕನಾದದ್ದು, 1967ರಲ್ಲಿ ಎಸ್.ಕೆ. ಪಾಟೀಲರನ್ನು ಮಣಿಸಿದ್ದು, 1974ರ ರೈಲ್ವೆ ಮುಷ್ಕರ, ತುರ್ತುಪರಿಸ್ಥಿತಿಯ ಬೇಡಿ ತೊಟ್ಟ ಕೈ, ಸೆರೆಮನೆಯಿಂದಲೇ ಮುಜಫ್ಫರಪುರವನ್ನು ಗೆದ್ದದ್ದು. ಎಲ್ಲವೂ ಕಥೆಯೇ. ಆದರೆ ಆ ಬರಹಗಳಲ್ಲಿ ಬಹುತೇಕ ಬಿಟ್ಟುಹೋದ ಒಂದು ಅಧ್ಯಾಯವಿದೆ. 1984ರ ಡಿಸೆಂಬರ್‌ನಲ್ಲಿ ಜಾರ್ಜ್ ತಮ್ಮ ಸ್ವಂತ ರಾಜ್ಯಕ್ಕೆ ಮರಳಿ, ಬೆಂಗಳೂರು ಉತ್ತರ ಕ್ಷೇತ್ರದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಸ್ಪರ್ಧಿಸಿದ್ದರು. ಸೋತರು; ಅಂತರ ಸುಮಾರು 40 ಸಾವಿರ ಮತಗಳು. ಅವರನ್ನು ಸೋಲಿಸಿದ್ದು ಜಾಫರ್ ಷರೀಫ್.

ಇಂದಿರಾ ಗಾಂಧಿಯವರ ಹತ್ಯೆಯ ಅನುಕಂಪದ ಅಲೆ ಆ ಚುನಾವಣೆಯನ್ನು ನುಂಗಿತ್ತು ಎಂಬುದು ನಿಜ. ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ, ಮೂರೇ ತಿಂಗಳಲ್ಲಿ ಅದೇ ಮತದಾರರಿಂದ ಬಹುಮತ ಪಡೆದು ಮರಳಿದರು. ಆದರೂ ಆ ಸ್ಪರ್ಧೆ ಇಂದು ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ದೇಶದ ಗಾಡಿಗಳನ್ನೆಲ್ಲ ನಿಲ್ಲಿಸಿ ಹೆಸರು ಮಾಡಿದವನೊಬ್ಬ. ಮುಂದೆ ಆ ಗಾಡಿಗಳ ಹಳಿಗಳನ್ನೇ ಕಿತ್ತು ಹೊಸದಾಗಿ ಹಾಸಲಿದ್ದವನು ಇನ್ನೊಬ್ಬ. ಇಬ್ಬರೂ ಮುಂದಿನ ಏಳು ವರ್ಷಗಳೊಳಗೆ ಒಬ್ಬರ ಹಿಂದೊಬ್ಬರಂತೆ ರೈಲು ಭವನದ ಅದೇ ಕುರ್ಚಿಯಲ್ಲಿ ಕುಳಿತರು.

ಷರೀಫರ ಆರಂಭದಲ್ಲಿ ಇಂಥ ನಾಟಕೀಯತೆ ಏನೂ ಇರಲಿಲ್ಲ. 1933ರ ನವೆಂಬರ್ 3ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಹುಟ್ಟಿದರು. ಹೆಸರಿನ ಮೊದಲಕ್ಷರವೇ ಆ ಊರು: ಚಳ್ಳಕೆರೆ ಕರೀಂ ಜಾಫರ್ ಷರೀಫ್. ಎಣ್ಣೆ ಗಾಣಗಳ, ಕಡಲೆಕಾಯಿಯ, ಕುರಿ ಕಂಬಳಿಯ ಬಯಲು ಸೀಮೆ. ಹೆಚ್ಚಿನ ಓದಿಲ್ಲ. ಅದೇ ಜಿಲ್ಲೆಯ ದೊಡ್ಡ ಮನುಷ್ಯ ಎಸ್. ನಿಜಲಿಂಗಪ್ಪನವರ ಸುತ್ತ ಓಡಾಡಿಕೊಂಡಿದ್ದ ಕಾಂಗ್ರೆಸ್ ಕಾರ್ಯಕರ್ತ. ನಿಜಲಿಂಗಪ್ಪನವರ ಕಾರು ಓಡಿಸುತ್ತಿದ್ದರು, ಕಾರಿನಲ್ಲಿ ಆಡಿದ ಮಾತುಗಳಿಂದ ಸಿಂಡಿಕೇಟಿನ ಆಲೋಚನೆ ತಿಳಿದು ಇಂದಿರಾ ಗಾಂಧಿಯವರಿಗೆ ಮುಟ್ಟಿಸಿದರು ಎಂಬ ಕಥೆ ನಮ್ಮ ರಾಜಕೀಯದ ಕಟ್ಟೆಗಳಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಕಥೆಯ ಸತ್ಯಾಸತ್ಯ ಏನೇ ಇರಲಿ, ಅದನ್ನು ಹೇಳುವವರ ದನಿಯಲ್ಲಿ ಒಂದು ಬಗೆಯ ತಾತ್ಸಾರ ಯಾವಾಗಲೂ ಇಣುಕುತ್ತದೆ: ಡ್ರೈವರ್ ಆಗಿದ್ದವನು ಮಂತ್ರಿಯಾದ ಎಂಬ ತಾತ್ಸಾರ. ಖಚಿತವಾದ ಸಂಗತಿ ಇಷ್ಟು: 1969ರಲ್ಲಿ ಕಾಂಗ್ರೆಸ್ ಒಡೆದಾಗ ಗುರು ಒಂದು ದಡದಲ್ಲಿ ನಿಂತರು, ಶಿಷ್ಯ ಇನ್ನೊಂದು ದಡಕ್ಕೆ ನಡೆದರು. 1971ರಲ್ಲಿ ಕನಕಪುರದಿಂದ ಲೋಕಸಭೆಗೆ ಹೋದರು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕ 26 ಸ್ಥಾನ ಕೊಟ್ಟು ಇಂದಿರಾ ಅವರ ಕೈ ಹಿಡಿಯಿತಷ್ಟೆ. ಆ 26ರಲ್ಲಿ ಬೆಂಗಳೂರು ಉತ್ತರವೂ ಒಂದು. ಅಲ್ಲಿಂದ 1991ರವರೆಗೆ ಸತತ ಐದು ಗೆಲುವು. ದೇವರಾಜ ಅರಸರು ಇಂದಿರಾ ಅವರಿಂದ ದೂರವಾದಾಗಲೂ ಷರೀಫ್ ಜಾಗ ಬದಲಿಸಲಿಲ್ಲ. ನಿಷ್ಠೆ ಎನ್ನಿ, ಲೆಕ್ಕಾಚಾರ ಎನ್ನಿ, ಅವರ ಆಯ್ಕೆ ಎರಡು ಸಲವೂ ಗೆದ್ದ ಪಕ್ಷವಾಗಿತ್ತು.

1980ರಲ್ಲಿ ರೈಲ್ವೆ ರಾಜ್ಯ ಸಚಿವರಾದರು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಮ್ಮಲ್ಲಿ ರಾಜ್ಯ ಸಚಿವರೆಂದರೆ ಸಂಸತ್ತಿನಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಉತ್ತರ ಓದುವವರು, ರಿಬ್ಬನ್ ಕತ್ತರಿಸುವವರು ಎಂಬ ಭಾವನೆಯಿದೆ. ಬಹುಮಟ್ಟಿಗೆ ಅದು ಸರಿ. ಆದರೆ ಅವರ ಮೇಲೆ ಕಮಲಾಪತಿ ತ್ರಿಪಾಠಿ, ಕೇದಾರ ಪಾಂಡೆ, ಪಿ.ಸಿ. ಸೇಠಿ, ಘನಿ ಖಾನ್ ಚೌಧರಿ ಎಂದು ಸಂಪುಟ ದರ್ಜೆಯ ಮಂತ್ರಿಗಳು ಬದಲಾಗುತ್ತಲೇ ಹೋದರು. ಕೆಳಗೆ ಕುಳಿತವರು ಷರೀಫ್. ಖಾತೆಯ ಒಳಹೊರಗು ಕಲಿಯಲು ಅದು ಒಳ್ಳೆಯ ಜಾಗವಾಗಿತ್ತು. ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ ಕೆಲಸ ಆರಂಭಿಸಿದ್ದು ಆ ಅವಧಿಯಲ್ಲೇ, 1984ರಲ್ಲಿ. ಅದಕ್ಕೆ ಮೊದಲು ರೈಲ್ವೆ ತನಗೆ ಬೇಕಾದ ಗಾಲಿಗಳಲ್ಲಿ ಗಣನೀಯ ಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳಬೇಕಾಗುತ್ತಿತ್ತು. ಕಾರ್ಖಾನೆ ತಮ್ಮ ಕ್ಷೇತ್ರದೊಳಗೇ ಇದ್ದುದರಿಂದ ಚುನಾವಣೆಯಲ್ಲಿ ಅದನ್ನು ಹೇಳಿಕೊಳ್ಳುವುದನ್ನೂ ಅವರು ಮರೆಯಲಿಲ್ಲ.

1991ರ ಜೂನ್‌ನಲ್ಲಿ ಪಿ.ವಿ. ನರಸಿಂಹರಾಯರು ಅವರಿಗೆ ಸಂಪುಟ ದರ್ಜೆಯೊಂದಿಗೆ ರೈಲ್ವೆಯನ್ನು ಕೊಟ್ಟರು. ದೇಶ ಚಿನ್ನ ಅಡವಿಟ್ಟ ವರ್ಷ ಅದು. ಹಣಕಾಸು ಸಚಿವಾಲಯದಲ್ಲಿ ಮನಮೋಹನ್ ಸಿಂಗ್ ಪ್ರತಿ ಕಾಸಿಗೂ ಲೆಕ್ಕ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಷರೀಫ್ ಕೈಗೆತ್ತಿಕೊಂಡದ್ದು ರೈಲ್ವೆಯ ಇತಿಹಾಸದಲ್ಲೇ ಅತಿ ದುಬಾರಿ ಕೆಲಸಗಳಲ್ಲೊಂದು: ಏಕ ಗೇಜ್ ಯೋಜನೆ.

ಗೇಜ್ ಎಂದರೆ ಎರಡು ಹಳಿಗಳ ನಡುವಣ ಅಂತರ. ಬ್ರಾಡ್‌ಗೇಜ್ 1,676 ಮಿಲಿಮೀಟರ್. ಮೀಟರ್‌ಗೇಜ್, ಹೆಸರೇ ಹೇಳುವಂತೆ, ಒಂದು ಮೀಟರ್. ಈ ಇಬ್ಬಂದಿತನ ಬ್ರಿಟಿಷರ ಮಿತವ್ಯಯದ ಕೊಡುಗೆ. 1870ರ ಸುಮಾರಿಗೆ ಲಾರ್ಡ್ ಮೇಯೊ ಕಾಲದಲ್ಲಿ, ಮುಖ್ಯ ಮಾರ್ಗಗಳು ಅಗಲವಾಗಿರಲಿ, ಉಳಿದ ಸೀಮೆಗಳಿಗೆ ಕಿರಿದಾದ ಹಳಿ ಸಾಕು ಎಂದು ತೀರ್ಮಾನವಾಯಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ಹಳಿ ಬ್ರಾಡ್‌ಗೇಜ್. ಆಮೇಲೆ ಬೆಂಗಳೂರಿನಿಂದ ಮೈಸೂರಿಗೆ, ಹುಬ್ಬಳ್ಳಿಗೆ ಹೊರಟದ್ದು ಮೀಟರ್‌ಗೇಜ್. ಹೀಗೆ ಒಂದೇ ಊರಿನಲ್ಲಿ ಎರಡು ರೈಲ್ವೆಗಳು ಬೆನ್ನು ತಿರುಗಿಸಿ ನಿಂತವು. 1991ರಲ್ಲಿಯೂ ದೇಶದ ಸುಮಾರು 62 ಸಾವಿರ ಕಿಲೋಮೀಟರ್ ಮಾರ್ಗದಲ್ಲಿ 23 ಸಾವಿರಕ್ಕೂ ಹೆಚ್ಚು ಮೀಟರ್‌ಗೇಜ್ ಆಗಿತ್ತು. ಕರ್ನಾಟಕದಲ್ಲಂತೂ ಅಂಚಿನ ಕೆಲವು ಮಾರ್ಗಗಳನ್ನು ಬಿಟ್ಟರೆ ಒಳನಾಡೆಲ್ಲ ಅದೇ.

ಇದರ ಅರ್ಥವೇನೆಂದು ಹುಬ್ಬಳ್ಳಿ-ಬೆಳಗಾವಿಯ ಹಿರಿಯರನ್ನು ಕೇಳಬೇಕು. ಅವರಿಗೆ ಮಿರಜ್ ಎಂದರೆ ಮೂರು ಸಂಗತಿಗಳು: ಮಿಷನ್ ಆಸ್ಪತ್ರೆ, ತಂಬೂರಿ, ಮತ್ತು ಗಾಡಿ ಬದಲಿಸುವ ಜಾಗ. ಮುಂಬೈಗೆ ಹೊರಟವರು ಟ್ರಂಕು, ಹಾಸಿಗೆ ಸುರುಳಿ, ಅಳುವ ಮಕ್ಕಳು ಎಲ್ಲವನ್ನೂ ಹೊತ್ತು ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಓಡಬೇಕಿತ್ತು. ಮನುಷ್ಯರಾದರೆ ಕಾಲಿದೆ, ಓಡಿಯಾರು. ಗೂಡ್ಸ್ ಗಾಡಿಯ ಸರಕಿಗೆ ಕಾಲಿಲ್ಲ. ತಿಪಟೂರಿನ ಕೊಬ್ಬರಿ ಉತ್ತರ ಭಾರತಕ್ಕೆ ಹೋಗಬೇಕಾದರೆ ಎಲ್ಲೋ ಒಂದು ಜಂಕ್ಷನ್ನಿನಲ್ಲಿ ಹಮಾಲರು ಮೀಟರ್‌ಗೇಜ್ ವ್ಯಾಗನ್ನಿನಿಂದ ಚೀಲಗಳನ್ನು ಇಳಿಸಿ ಬ್ರಾಡ್‌ಗೇಜ್ ವ್ಯಾಗನ್ನಿಗೆ ಏರಿಸಬೇಕು. ಪಂಜಾಬಿನ ಗೋಧಿ, ಬಿಹಾರದ ಕಲ್ಲಿದ್ದಲು ಇತ್ತ ಬರುವಾಗಲೂ ಅಷ್ಟೆ. ಕೂಲಿ, ಕಾಯುವಿಕೆ, ಸೋರಿಕೆ, ಕಳವು. ಕಾರ್ಖಾನೆ ಕಟ್ಟುವವನು ಇದನ್ನೆಲ್ಲ ಲೆಕ್ಕ ಹಾಕಿ ಬ್ರಾಡ್‌ಗೇಜ್ ಇರುವ ಊರನ್ನೇ ಹುಡುಕುತ್ತಿದ್ದ. ಒಂದು ಪ್ರದೇಶ ಹಿಂದುಳಿಯುವುದಕ್ಕೆ ಬರ, ಜಾತಿ, ಅವಿದ್ಯೆ ಎಂದೆಲ್ಲ ನಾವು ಪಟ್ಟಿ ಮಾಡುತ್ತೇವೆ. ಹಳಿಗಳ ನಡುವಿನ 676 ಮಿಲಿಮೀಟರ್ ಅಂತರವನ್ನು ಆ ಪಟ್ಟಿಯಲ್ಲಿ ಸೇರಿಸುವುದು ಕಡಿಮೆ.

ಗೇಜ್ ಪರಿವರ್ತನೆ ಷರೀಫರ ಆವಿಷ್ಕಾರವೇನಲ್ಲ. ಅವರಿಗಿಂತ ಮೊದಲೂ ಅಲ್ಲೊಂದು ಇಲ್ಲೊಂದು ಮಾರ್ಗ ಬದಲಾಗುತ್ತಿತ್ತು. ಸಂಚಾರ ಹೆಚ್ಚಿರುವ ಮಾರ್ಗವನ್ನು ಮಾತ್ರ ಬದಲಿಸೋಣ, ಉಳಿದದ್ದು ಹಾಗೇ ಇರಲಿ ಎಂಬುದು ತಜ್ಞರ ಸಾಮಾನ್ಯ ನಿಲುವು. ಆ ಲೆಕ್ಕದಲ್ಲಿ ಒಂದು ವಿಷವರ್ತುಲವಿತ್ತು: ಮೀಟರ್‌ಗೇಜ್ ಇರುವುದರಿಂದಲೇ ಸಂಚಾರ ಬೆಳೆಯುವುದಿಲ್ಲ, ಸಂಚಾರ ಬೆಳೆಯದ ಕಾರಣ ಹಳಿ ಬದಲಾಗುವುದಿಲ್ಲ. ಯೋಜನಾ ಆಯೋಗದ ಸಂದೇಹಗಳನ್ನೂ ರೈಲ್ವೆಯೊಳಗಿನ ಅಳುಕನ್ನೂ ಬದಿಗೆ ಸರಿಸಿ, 1992ರಿಂದ ಷರೀಫ್ ಇದನ್ನೊಂದು ಆಂದೋಲನವಾಗಿ ಮಾಡಿದರು. ಎಂಟನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಸಾವಿರಾರು ಕಿಲೋಮೀಟರ್ ಮಾರ್ಗ ಬದಲಾಯಿತು. ಜೈಪುರ, ಜೋಧಪುರ, ಬಿಕಾನೇರ್‌ಗಳು ದೇಶದ ಮುಖ್ಯ ಹಳಿಗೆ ಸೇರಿದವು. ಬೆಂಗಳೂರು-ಮೈಸೂರು, ಬೆಂಗಳೂರು-ಹುಬ್ಬಳ್ಳಿ ಬದಲಾದವು. 1994ರಲ್ಲಿ ಚೆನ್ನೈ-ಮೈಸೂರು ಶತಾಬ್ದಿ ಓಡಿತು. ಅದಕ್ಕೆ ಮೊದಲು ಮೈಸೂರಿನಿಂದ ಮದ್ರಾಸಿಗೆ ನೇರವಾಗಿ ಒಂದು ಗಾಡಿ ಹೋಗುವುದೇ ಅಸಾಧ್ಯವಾಗಿತ್ತು ಎಂದರೆ ಇಂದಿನ ಯುವಕರು ನಂಬಲಾರರು.

ಈ ಕೆಲಸ ಹೇಳಿದಷ್ಟು ಸರಳವಲ್ಲ. ಹಳಿಯನ್ನು ಅರ್ಧ ಗಜ ಆಚೆ ಸರಿಸಿದರೆ ಮುಗಿಯಿತು ಎಂದು ಯಾರಾದರೂ ತಿಳಿದಿದ್ದರೆ ತಪ್ಪು. ಸ್ಲೀಪರುಗಳೆಲ್ಲ ಬದಲಾಗಬೇಕು, ದಿಬ್ಬ ಅಗಲವಾಗಬೇಕು, ಸೇತುವೆ ಹೆಚ್ಚಿನ ಭಾರ ತಾಳಬೇಕು, ಸುರಂಗ ಕೊರೆಯಬೇಕು, ಪ್ಲಾಟ್‌ಫಾರಂ ಒಡೆದು ಕಟ್ಟಬೇಕು. ಅದೆಲ್ಲ ಮುಗಿಯುವತನಕ ಗಾಡಿ ಇಲ್ಲ. ಹಣ ಬಂದಾಗ ತಿಂಗಳುಗಳಲ್ಲಿ ಮುಗಿಯುತ್ತದೆ. ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಾಸನ-ಮಂಗಳೂರು ಮಾರ್ಗಕ್ಕಿಂತ ಉದಾಹರಣೆ ಬೇಕಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದಲ್ಲಿ 57 ಸುರಂಗಗಳನ್ನು ಕೊರೆದು 1979ರಲ್ಲಿ ತೆರೆದ ಮೀಟರ್‌ಗೇಜ್ ಮಾರ್ಗ ಅದು. ಹದಿನೇಳು ವರ್ಷ ಓಡಿತು. 1996ರಲ್ಲಿ ಪರಿವರ್ತನೆಗೆಂದು ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಹರಿದದ್ದು 2006ರಲ್ಲಿ. ಪ್ರಯಾಣಿಕರು ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ. ಮಾರ್ಗ ಮುಚ್ಚುವ ವೇಳೆಗೆ ಷರೀಫ್ ಅಧಿಕಾರದಲ್ಲಿರಲಿಲ್ಲ, ನಿಜ. ಆದರೆ ಹಣದ ಮೂಲ ಗಟ್ಟಿಯಾಗುವ ಮೊದಲೇ ಎಲ್ಲ ಕಡೆ ಒಮ್ಮೆಗೇ ಗುದ್ದಲಿ ಹಾಕಿದ್ದರ ಹೊಣೆಯಲ್ಲಿ ಅವರಿಗೂ ಪಾಲಿದೆ. ಹನ್ನೊಂದು ಮಳೆಗಾಲ ಕರಾವಳಿಯ ಜನ ಶಿರಾಡಿ ಘಾಟಿಯ ಹೊಂಡಗಳಲ್ಲಿ ಬಸ್ಸಿನಲ್ಲಿ ಕುಲುಕಾಡಿದರು. ಗೇಜ್ ಪರಿವರ್ತನೆಯ ಸಾಧನೆಯನ್ನು ಹಾಡಿ ಹೊಗಳುವವರು ಇದನ್ನೂ ಜಮಾಖರ್ಚಿನಲ್ಲಿ ಬರೆಯಬೇಕು.

ಇದೇ ಹೊತ್ತಿಗೆ ಅರಬ್ಬೀ ಸಮುದ್ರದ ದಂಡೆಯಲ್ಲಿ ಜಾರ್ಜ್ ಆರಂಭಿಸಿದ ಕೊಂಕಣ ರೈಲ್ವೆಯ ಕೆಲಸ ನಡೆದಿತ್ತು. 1989-90ರ ಅಲ್ಪಾವಧಿಯಲ್ಲಿ ಜಾರ್ಜ್ ಅದಕ್ಕೆ ಪ್ರತ್ಯೇಕ ನಿಗಮ ಮಾಡಿ, ಇ. ಶ್ರೀಧರನ್ ಅವರ ಕೈಗಿಟ್ಟು ಹೋದರು. ಅದರ ಬಹುಪಾಲು ನಿರ್ಮಾಣ ನಡೆದದ್ದು, ಮಂಗಳೂರು-ಉಡುಪಿ ನಡುವೆ 1993ರಲ್ಲಿ ಮೊದಲ ಗಾಡಿ ಓಡಿದ್ದು ಷರೀಫರ ಕಾಲದಲ್ಲಿ. ತಾನು ಸೋಲಿಸಿದ ಎದುರಾಳಿಯ ಕನಸಿನ ಕೂಸು ಎಂದು ಅದನ್ನು ಅವರು ಉಪವಾಸ ಕೆಡವಲಿಲ್ಲ. ಇಂದಿನ ರಾಜಕಾರಣದ ಮಾದರಿ ನೋಡಿದವರಿಗೆ ಇದೊಂದು ಸಣ್ಣ ವಿಷಯವಾಗಿ ಕಾಣಲಾರದು.

1993ರ ಎಬಿಬಿ ಎಂಜಿನ್‌ಗಳ ಖರೀದಿಯ ಕಥೆಯೂ ಹೀಗೆಯೇ ಎರಡು ಮುಖದ್ದು. ಆ ಸ್ವಿಸ್-ಸ್ವೀಡಿಷ್ ಕಂಪನಿಯಿಂದ ತ್ರೀಫೇಸ್ ವಿದ್ಯುತ್ ಎಂಜಿನ್‌ಗಳನ್ನು ತಂತ್ರಜ್ಞಾನ ವರ್ಗಾವಣೆಯೊಂದಿಗೆ ಕೊಳ್ಳುವ ಒಪ್ಪಂದ ಅಂದು ದೊಡ್ಡ ವಿವಾದವಾಯಿತು. ಬೆಲೆ ಅತಿಯಾಯಿತು ಎಂಬುದು ಆಕ್ಷೇಪ. ಮೂರು ದಶಕಗಳ ನಂತರ ನೋಡಿದರೆ, ರಾಜಧಾನಿ, ಶತಾಬ್ದಿಗಳನ್ನೂ ಭಾರಿ ಗೂಡ್ಸ್ ಗಾಡಿಗಳನ್ನೂ ಎಳೆದ ಚಿತ್ತರಂಜನ್ ಕಾರ್ಖಾನೆಯ ಎಂಜಿನ್‌ಗಳ ವಂಶವೃಕ್ಷ ಅದೇ ಒಪ್ಪಂದಕ್ಕೆ ಹೋಗಿ ಮುಟ್ಟುತ್ತದೆ.

ಆದರೆ 1995ರ ಆಗಸ್ಟ್ 20ರ ನಸುಕಿಗೆ ಎರಡು ಮುಖಗಳಿಲ್ಲ. ಉತ್ತರ ಪ್ರದೇಶದ ಫಿರೋಜಾಬಾದ್ ಬಳಿ ಕಾಳಿಂದಿ ಎಕ್ಸ್‌ಪ್ರೆಸ್ ಪ್ರಾಣಿಯೊಂದಕ್ಕೆ ಬಡಿದು ನಿಂತಿತ್ತು. ಅದು ಹಳಿಯ ಮೇಲಿರುವಾಗಲೇ ಹಿಂದಿನಿಂದ ಬರುತ್ತಿದ್ದ ಪುರುಷೋತ್ತಮ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲಾಯಿತು. 350ಕ್ಕೂ ಹೆಚ್ಚು ಜನ ಸತ್ತರು. ಅದು ಮೀಟರ್‌ಗೇಜ್ ಮಾರ್ಗವಲ್ಲ. ದೇಶದ ಅತಿ ಮುಖ್ಯ ಬ್ರಾಡ್‌ಗೇಜ್ ಮಾರ್ಗ. ಇದ್ದ ಹಣವನ್ನೆಲ್ಲ ಹಳಿ ಬದಲಿಸಲು ಸುರಿದು, ಇರುವ ಹಳಿಯ ಸುರಕ್ಷತೆಗೆ ಎಷ್ಟು ಉಳಿಸಿದಿರಿ ಎಂಬ ಪ್ರಶ್ನೆಯನ್ನು ಮಂತ್ರಿಯ ಮುಂದೆ ಇಡಲೇಬೇಕಿತ್ತು. 1956ರಲ್ಲಿ ಅರಿಯಲೂರು ಅಪಘಾತದ ಬಳಿಕ ಲಾಲ್ ಬಹಾದ್ದೂರ್ ಶಾಸ್ತ್ರಿ ಇದೇ ಕುರ್ಚಿಯನ್ನು ತೊರೆದಿದ್ದರು. ಷರೀಫ್ ಆ ವಾರ ತೊರೆಯಲಿಲ್ಲ. ಅಕ್ಟೋಬರ್‌ನಲ್ಲಿ ಅವರು ಸಂಪುಟದಿಂದ ಹೊರಬಂದರು, ಮತ್ತೆ ಮಂತ್ರಿಯಾಗಲಿಲ್ಲ.

ಆಮೇಲಿನದು ನ್ಯಾಯಾಲಯದ ಕಥೆ. ಲಂಡನ್ನಿನಲ್ಲಿ ಚಿಕಿತ್ಸೆಗೆ ಹೋದಾಗ ತಮ್ಮ ಸಿಬ್ಬಂದಿಯನ್ನು ರೈಲ್ವೆ ಉದ್ದಿಮೆಗಳ ಖರ್ಚಿನಲ್ಲಿ ಕರೆಸಿಕೊಂಡರೆಂಬ ಆರೋಪದ ಮೇಲೆ 1998ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. 2012ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಂಚನೆಯ ಉದ್ದೇಶ ಕಾಣುವುದಿಲ್ಲವೆಂದು ಅವರನ್ನು ಪ್ರಕರಣದಿಂದ ಬಿಡುಗಡೆ ಮಾಡಿತು. ಹದಿನಾಲ್ಕು ವರ್ಷ. ಅಷ್ಟರಲ್ಲಿ ಅವರು 79 ದಾಟಿದ್ದರು. ಕಾನೂನು ಅವರನ್ನು ಬಿಟ್ಟಿತು ಎಂದಮಾತ್ರಕ್ಕೆ ಮಂತ್ರಿಗಳು ತಮ್ಮ ಖಾತೆಯ ಕಂಪನಿಗಳನ್ನು ಮನೆಯ ಹಗೇವಿನಂತೆ ಬಳಸುವ ಪದ್ಧತಿ ಸರಿ ಎಂದಾಗುವುದಿಲ್ಲ. ಹಾಗೆಯೇ, ಒಬ್ಬ ಮನುಷ್ಯನ ಮುಪ್ಪನ್ನೆಲ್ಲ ವಿಚಾರಣೆಯೇ ನುಂಗುವುದೂ ಸರಿಯಲ್ಲ.

ಷರೀಫರ ಬಗ್ಗೆ ಅವರ ಸಮುದಾಯದವರೇ ಕೇಳುತ್ತಿದ್ದ ಪ್ರಶ್ನೆ ಇನ್ನೊಂದು. 1992ರ ಡಿಸೆಂಬರ್ 6ರಂದು ಬಾಬ್ರಿ ಮಸೀದಿ ನೆಲಕ್ಕುರುಳಿದಾಗ ಅವರು ನರಸಿಂಹರಾಯರ ಸಂಪುಟದಲ್ಲಿದ್ದರು; ಆಮೇಲೂ ಇದ್ದರು. ಒಳಗಿದ್ದು ಮಾಡಬಹುದಾದ ಕೆಲಸ ಹೊರಗೆ ನಿಂತು ಮಾಡಲಾಗದು ಎಂಬುದು ಇಂಥ ಸಂದರ್ಭಗಳಲ್ಲಿ ಎಲ್ಲ ಮಂತ್ರಿಗಳ ಸಮಾಧಾನ. ಆ ಸಮಾಧಾನ ಎಷ್ಟು ಮಂದಿಗೆ ಒಪ್ಪಿಗೆಯಾಯಿತೋ ತಿಳಿಯದು. 1996ರಲ್ಲಿ ಬೆಂಗಳೂರು ಉತ್ತರ ಜನತಾ ದಳದ ಪಾಲಾಯಿತು. 1998, 1999ರಲ್ಲಿ ಷರೀಫ್ ಅದನ್ನು ಮರಳಿ ಪಡೆದರು. ಮುಸ್ಲಿಮರು ಬಹುಸಂಖ್ಯಾತರಲ್ಲದ, ಒಕ್ಕಲಿಗರ ಹಳ್ಳಿಗಳೂ ದಂಡಿನ ಬೀದಿಗಳೂ ಕಾರ್ಖಾನೆ ಕಾಲೊನಿಗಳೂ ಬೆರೆತ ಕ್ಷೇತ್ರ ಒಬ್ಬ ಮುಸ್ಲಿಮನನ್ನು ಏಳು ಸಲ ಗೆಲ್ಲಿಸಿತು. ಅದರ ಬಗ್ಗೆ ಆ ಕಾಲದಲ್ಲಿ ಯಾರೂ ವಿಶೇಷವಾಗಿ ಬರೆದಂತಿಲ್ಲ. ಬರೆಯುವಂಥ ವಿಷಯವೆಂದು ಯಾರಿಗೂ ಅನ್ನಿಸಿರಲಿಲ್ಲ.

2004ರಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಬಿಜೆಪಿಯಿಂದ ನಿಂತು ಅವರನ್ನು ಸೋಲಿಸಿದರು. 2009ರಲ್ಲಿ ಡಿ.ಬಿ. ಚಂದ್ರೇಗೌಡರ ಎದುರು ಮತ್ತೆ ಸೋಲು. ನಂತರದ ವರ್ಷಗಳಲ್ಲಿ ಅವರು ಪಕ್ಷದ ವರಿಷ್ಠರಿಗೆ ಪತ್ರ ಬರೆಯುವ, ಟಿಕೆಟ್ ಹಂಚಿಕೆಯ ಬಗ್ಗೆ ಬಹಿರಂಗವಾಗಿ ಸಿಡುಕುವ ಹಿರಿಯರಾದರು. 2017ರಲ್ಲಿ ಆರ್‌ಎಸ್‌ಎಸ್ ಮುಖ್ಯಸ್ಥ ಮೋಹನ್ ಭಾಗವತ್ ರಾಷ್ಟ್ರಪತಿಯಾಗುವುದನ್ನು ಬೆಂಬಲಿಸಿ ಪ್ರಧಾನಿ ನರೇಂದ್ರ ಮೋದಿಯವರಿಗೆ ಪತ್ರ ಬರೆದು ತಮ್ಮ ಪಕ್ಷವನ್ನೇ ಪೇಚಿಗೆ ಸಿಲುಕಿಸಿದರು. ಮುನಿಸೋ, ವ್ಯಂಗ್ಯವೋ, ಅಥವಾ ಗಾಳಿ ಬದಲಾದದ್ದನ್ನು ಮತ್ತೊಮ್ಮೆ ಮೊದಲೇ ಗುರುತಿಸಿದೆನೆಂಬ ಹಳೆಯ ಹುಮ್ಮಸ್ಸೋ, ಅವರವರ ಊಹೆಗೆ ಬಿಟ್ಟದ್ದು.

ಯಲಹಂಕದ ಕಾರ್ಖಾನೆಯಲ್ಲಿ ಇಂದಿಗೂ ಗಾಲಿಗಳು ಎರಕಗೊಳ್ಳುತ್ತಿವೆ. ಹುಬ್ಬಳ್ಳಿಯವರು ಮಿರಜ್‌ನಲ್ಲಿ ಟ್ರಂಕು ಹೊರುವುದನ್ನು ಮರೆತು ದಶಕಗಳಾದವು. ನೀಲಗಿರಿಯ ಬೆಟ್ಟ ಹತ್ತುವ ಪುಟ್ಟ ಗಾಡಿಯಂಥ ಕೆಲವನ್ನು ಬಿಟ್ಟರೆ ಮೀಟರ್‌ಗೇಜ್ ಹೆಚ್ಚುಕಡಿಮೆ ಇಲ್ಲವಾಗಿದೆ. ಷರೀಫರ ಮೊಮ್ಮಗ ಕಾಂಗ್ರೆಸ್ ಅಭ್ಯರ್ಥಿಯಾಗಿ, ಅಜ್ಜನ ಹಳೆಯ ಲೋಕಸಭಾ ಕ್ಷೇತ್ರದೊಳಗಿನ ಹೆಬ್ಬಾಳ ವಿಧಾನಸಭಾ ಕ್ಷೇತ್ರದಲ್ಲಿ 2013ರಲ್ಲೊಮ್ಮೆ, 2016ರ ಉಪಚುನಾವಣೆಯಲ್ಲಿ ಇನ್ನೊಮ್ಮೆ ನಿಂತರು. ಎರಡು ಸಲವೂ ಸೋತರು. 2009ರಿಂದ 2024ರವರೆಗೆ ನಾಲ್ಕು ಲೋಕಸಭಾ ಚುನಾವಣೆಗಳು ನಡೆದಿವೆ. ಕರ್ನಾಟಕದ 28 ಕ್ಷೇತ್ರಗಳಲ್ಲಿ ಯಾವುದರಿಂದಲೂ ಒಬ್ಬ ಮುಸ್ಲಿಮ್ ಸದಸ್ಯ ಆಯ್ಕೆಯಾಗಿ ಹೋಗಿಲ್ಲ.